ಕೆಳಗಿಳಿದ ಮೇಲೆ ಏಣಿ ಎಲ್ಲಿದೆ?

ಐರಣಿಯ ನಮ್ಮ ಮನೆಯಲ್ಲಿ ಫುಟ್‌ಬಾಲ್ ನೋಡುವವನು ನಾನೊಬ್ಬನೇ. ಊರಿನ ಹುಡುಗರಿಗೆ ಗೊತ್ತಿರುವುದು ಕ್ರಿಕೆಟ್, ಕಬಡ್ಡಿ, ವಾಲಿಬಾಲ್. 2025ರ ಏಪ್ರಿಲ್‌ನಲ್ಲಿ ಊರಿಗೆ ಬಂದಿದ್ದಾಗ, ಎಸ್‌ಸಿ ಬೆಂಗಳೂರು ತಂಡ ಐ–ಲೀಗ್‌ನಿಂದ ಹಿಂಬಡ್ತಿ ಪಡೆದ ಸುದ್ದಿ ಓದಿ ಮುಖ ಸಣ್ಣದು ಮಾಡಿಕೊಂಡು ಕೂತಿದ್ದೆ. ‘ಅವರು ಸೋತ್ರ ನಿನಗೇನಾತೋ? ಮುಂದಿನ ವರ್ಷ ಗೆದ್ದು ಮ್ಯಾಲೆ ಬರ್ತಾರ ಬಿಡು’ ಎಂದರು ಅಪ್ಪ. ಅದು ಅಷ್ಟು ಸುಲಭವೇ? ಅಂದಿನಿಂದ ಈ ಪ್ರಶ್ನೆ ನನ್ನ ತಲೆಯಲ್ಲೇ ಇದೆ.

ನಮ್ಮ ದೇಶದ ಪುರುಷರ ಫುಟ್‌ಬಾಲ್‌ನಲ್ಲಿ 2025ರಲ್ಲಿ ಐಎಸ್‌ಎಲ್ ಮೊದಲ ದರ್ಜೆ, ಐ–ಲೀಗ್ ಎರಡನೆಯದು, ಐ–ಲೀಗ್ 2 ಮೂರನೆಯದು ಆಗಿತ್ತು. ಎಸ್‌ಸಿ ಬೆಂಗಳೂರು 2023–24ರಲ್ಲಿ ಐ–ಲೀಗ್ 2 ಗೆದ್ದು ಬಡ್ತಿ ಪಡೆಯಿತು. ಮರುವರ್ಷ 12 ತಂಡಗಳ ಐ–ಲೀಗ್‌ನಲ್ಲಿ 22 ಪಂದ್ಯ ಆಡಿ, ಡೆಲ್ಲಿ ಎಫ್‌ಸಿ ಜೊತೆ ಕೆಳಗಿಳಿಯಿತು. ಏರಿದ ವರ್ಷದಲ್ಲೇ ಇಳಿತ.

ಕರ್ನಾಟಕದ ಮಟ್ಟಿಗೆ ಇದಕ್ಕಿಂತ ದೊಡ್ಡ ಇಳಿತ ಎಚ್‌ಎಎಲ್ ತಂಡದ್ದು. ಐ–ಲೀಗ್ ದೇಶದ ಅತ್ಯುನ್ನತ ದರ್ಜೆಯಾಗಿದ್ದ ಕಾಲದಲ್ಲಿ, 2011–12ರ ಋತುವಿನ ಕೊನೆಗೆ ಎಚ್‌ಎಎಲ್ ಹೊರಬಿತ್ತು. ಮತ್ತೆಂದೂ ಆ ದರ್ಜೆಗೆ ಮರಳಲಿಲ್ಲ. ಮರುವರ್ಷ, 2013ರಲ್ಲಿ, ಜೆಎಸ್‌ಡಬ್ಲ್ಯು ಸಂಸ್ಥೆ ಬೆಂಗಳೂರು ಎಫ್‌ಸಿ ಕಟ್ಟಿತು. ಹೊಸ ತಂಡ ಕೆಳಗಿನ ದರ್ಜೆಗಳಲ್ಲಿ ಆಡದೆ ನೇರವಾಗಿ ಐ–ಲೀಗ್ ಪ್ರವೇಶಿಸಿ, ಮೊದಲ ಪ್ರಯತ್ನದಲ್ಲೇ ಪ್ರಶಸ್ತಿ ಗೆದ್ದಿತು. ಆ ಗೆಲುವು ಖುಷಿ ಕೊಟ್ಟಿದ್ದು ನಿಜ. ಆದರೆ ಬೆಂಗಳೂರಿಗೆ ಉನ್ನತ ದರ್ಜೆಯ ಫುಟ್‌ಬಾಲ್ ಮರಳಿದ್ದು ಕೆಳಗಿನಿಂದ ಗೆದ್ದು ಬಂದ ತಂಡದಿಂದಲ್ಲ, ಬಂಡವಾಳದಿಂದ ಎಂಬುದೂ ಅಷ್ಟೇ ನಿಜ.

ಇನ್ನೂ ಕಹಿ ಉದಾಹರಣೆಗಳಿವೆ. 1996–97ರ ಮೊದಲ ರಾಷ್ಟ್ರೀಯ ಲೀಗ್ ಗೆದ್ದಿದ್ದ ಪಂಜಾಬಿನ ಜೆಸಿಟಿ, 2011ರಲ್ಲಿ ಹಿಂಬಡ್ತಿ ಪಡೆದ ಕೆಲವೇ ದಿನಗಳಲ್ಲಿ ತಂಡವನ್ನೇ ಮುಚ್ಚಿತು. ಎಚ್‌ಎಎಲ್ ಕೆಳಗಿಳಿದ ವರ್ಷ ಚಾಂಪಿಯನ್ ಆಗಿದ್ದ ಗೋವಾದ ಡೆಂಪೊ, 2015ರಲ್ಲಿ ತಾನೂ ಇಳಿಯಿತು. ಅಪ್ಪ ಹೇಳಿದಂತೆಯೇ 2016ರಲ್ಲಿ ಎರಡನೇ ದರ್ಜೆ ಗೆದ್ದು ಮೇಲೆ ಬಂತು. ಆದರೆ ಅದೇ ವರ್ಷ ಐಎಸ್‌ಎಲ್ ಅನ್ನು ಮೊದಲ ದರ್ಜೆ ಮಾಡುವ ಯೋಜನೆ ಹೊರಬಿತ್ತು. ಗೆದ್ದರೂ ಅಲ್ಲಿಗೆ ಬಡ್ತಿ ಇರಲಿಲ್ಲ. ಅದನ್ನು ಪ್ರತಿಭಟಿಸಿ ಡೆಂಪೊ ಲೀಗ್ ಬಿಟ್ಟಿತು. ಗೋವಾದ ಲೀಗ್‌ನಲ್ಲಿ ಆಡುತ್ತಲೇ ಇದ್ದು, 2024ರಲ್ಲಿ ಎಸ್‌ಸಿ ಬೆಂಗಳೂರು ಜೊತೆಯಲ್ಲೇ ಐ–ಲೀಗ್‌ಗೆ ಮರಳಿತು. ಎಂಟು ವರ್ಷ ಕಳೆದುಹೋಗಿತ್ತು.

ಇಂಗ್ಲೆಂಡಿನಲ್ಲೂ ಇಳಿತ ನೋವಿನದೇ. ಲೂಟನ್ 2024, 2025ರಲ್ಲಿ ಸತತ ಎರಡು ದರ್ಜೆ ಇಳಿಯಿತು. ಸಂಡರ್‌ಲ್ಯಾಂಡ್ 2017, 2018ರಲ್ಲಿ ಹಾಗೆಯೇ ಇಳಿದು, 2025ರಲ್ಲಿ ಪ್ರೀಮಿಯರ್ ಲೀಗ್‌ಗೆ ವಾಪಸಾಯಿತು. ಅಲ್ಲಿ ಇಳಿದ ತಂಡ ಒಮ್ಮೆಲೇ ನೆಲಕ್ಕೆ ಬೀಳದಂತೆ ‘ಪ್ಯಾರಾಚೂಟ್ ಹಣ’ ಕೊಡುತ್ತಾರೆ. ಎಲ್ಲ ಕ್ಲಬ್‌ಗಳಿಗೂ ಸಮನಾಗಿ ಹಂಚುವ ಪ್ರಸಾರದ ಹಣದಲ್ಲಿ ಒಂದು ಕ್ಲಬ್‌ಗೆ ಸಿಗುವ ಪಾಲಿನ ಶೇ 55ರಷ್ಟು ಮೊದಲ ವರ್ಷ, ಶೇ 45ರಷ್ಟು ಎರಡನೇ ವರ್ಷ, ಶೇ 20ರಷ್ಟು ಮೂರನೇ ವರ್ಷ. ಒಂದೇ ವರ್ಷ ಮೇಲೆ ಇದ್ದ ತಂಡಕ್ಕೆ ಮೂರನೆಯ ಕಂತು ಇಲ್ಲ. ಇದರಿಂದ ಕೆಳಗಿನ ದರ್ಜೆಯ ಇತರ ತಂಡಗಳಿಗೆ ಅನ್ಯಾಯ ಎಂಬ ಆಕ್ಷೇಪವೂ ಇದೆ. ಆದರೂ ಇಳಿದವರಿಗೆ ಒಂದು ಖಾತ್ರಿ ಇರುತ್ತದೆ: ಮುಂದಿನ ವರ್ಷ ಲೀಗ್ ನಡೆಯುತ್ತದೆ, ಗೆದ್ದರೆ ಬಡ್ತಿ ಸಿಗುತ್ತದೆ.

ನಮ್ಮಲ್ಲಿ 2025ರಲ್ಲಿ ಅಲುಗಾಡಿದ್ದು ಈ ಖಾತ್ರಿಯೇ. ಫುಟ್‌ಬಾಲ್ ಫೆಡರೇಷನ್ ಮತ್ತು ಐಎಸ್‌ಎಲ್ ನಡೆಸುತ್ತಿದ್ದ ಎಫ್‌ಎಸ್‌ಡಿಎಲ್ ನಡುವಿನ 15 ವರ್ಷಗಳ ಒಪ್ಪಂದ 2025ರ ಡಿಸೆಂಬರ್ 8ಕ್ಕೆ ಮುಗಿಯುವುದಿತ್ತು. ಮುಂದೇನು ಎಂಬುದು ತೀರ್ಮಾನವಾಗದೆ ಆ ವರ್ಷದ ಜುಲೈನಲ್ಲಿ ಐಎಸ್‌ಎಲ್ ತಡೆಹಿಡಿಯಲಾಯಿತು. ಆಗಸ್ಟ್ 4ರಂದು ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರು, ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ಪ್ರಕಟಿಸಿತು. ಯುವ ತಂಡಗಳು ಮತ್ತು ಸಾಕರ್ ಶಾಲೆಗಳಿಗೆ ತೊಂದರೆಯಿಲ್ಲ ಎಂದೂ ಹೇಳಿತು. ಮೇಲಿನ ಮೆಟ್ಟಿಲಲ್ಲಿ ನಿಂತವರ ಸಂಬಳವೇ ನಿಂತಾಗ ಮೂರನೇ ಮೆಟ್ಟಿಲಿನವರ ಪಾಡೇನು?

ಹಾಗಾದರೆ ಎಸ್‌ಸಿ ಬೆಂಗಳೂರು ಭವಿಷ್ಯ? ಮೈದಾನದ ಲೆಕ್ಕದಲ್ಲಿ ಹತಾಶೆಗೆ ಕಾರಣವಿಲ್ಲ. ಐ–ಲೀಗ್ 2 ಅದು ಒಮ್ಮೆ ಗೆದ್ದ ಲೀಗೇ. ಬೆಂಗಳೂರಿನಲ್ಲಿ ಸೂಪರ್ ಡಿವಿಷನ್ ಇದೆ, ಆಟಗಾರರ ಕೊರತೆಯಿಲ್ಲ. ಡೆಂಪೊ ಉಳಿದದ್ದೂ ಊರಿನ ಲೀಗ್ ಬಿಡದೇ ಇದ್ದುದರಿಂದಲೇ. ತಂಡ ಬಿಟ್ಟು ಹೋಗುವವರ ಜಾಗಕ್ಕೆ ಇಲ್ಲಿನ ಹುಡುಗರನ್ನು ಬೆಳೆಸಿದರೆ ಖರ್ಚೂ ಕಡಿಮೆ. ಆದರೆ ಮೈದಾನದ ಹೊರಗಿನ ಎರಡು ಸಂಗತಿ ತಂಡದ ಕೈಯಲ್ಲಿಲ್ಲ. ಮೂರೂ ದರ್ಜೆಗಳ ವೇಳಾಪಟ್ಟಿ ಮೊದಲೇ ಪ್ರಕಟವಾಗಬೇಕು. ಪ್ರಸಾರ, ಪ್ರಾಯೋಜಕರ ಹಣದಲ್ಲಿ ಸ್ವಲ್ಪವಾದರೂ ಕೆಳಗಿನ ದರ್ಜೆಗೆ ಹರಿಯಬೇಕು. ಅದು ಫೆಡರೇಷನ್‌ನ ಹೊಣೆ.

ಇದನ್ನು ಯುವಪುಟಕ್ಕೆ ಬರೆಯಲು ಕಾರಣವಿದೆ. ಎಚ್‌ಎಎಲ್‌ನಂಥ ತಂಡದ ಹಲವು ಆಟಗಾರರು ಕಂಪನಿಯ ನೌಕರರೂ ಆಗಿದ್ದರು. ತಂಡ ಇಳಿದರೂ ತಿಂಗಳ ಸಂಬಳ ಬರುತ್ತಿತ್ತು. ಇಂದಿನ ಆಟಗಾರನ ಕೈಯಲ್ಲಿರುವುದು ಗುತ್ತಿಗೆಯ ಕಾಗದ. ಅವನಿಗೂ ನನ್ನಷ್ಟೇ, ಇಪ್ಪತ್ತರ ಆಸುಪಾಸಿನ ವಯಸ್ಸು. ನನಗೆ ಒಂದು ವಿಷಯ ಬ್ಯಾಕ್ ಉಳಿದರೆ ಮುಂದಿನ ಪರೀಕ್ಷೆ ಇದೆಯೆಂಬ ಧೈರ್ಯದಲ್ಲಿ ಓದುತ್ತೇನೆ. ಪರೀಕ್ಷೆಯೇ ನಡೆಯುವುದು ಅನುಮಾನ ಎಂದಾದರೆ ಪುಸ್ತಕ ತೆರೆಯುವ ಮನಸ್ಸಾದರೂ ಹೇಗೆ ಬಂದೀತು? ನೇಮಕಾತಿ ಅಧಿಸೂಚನೆಗೆ ಕಾದು ಕೂತ ಅಣ್ಣಂದಿರು, ಅಕ್ಕಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಸಲ ಊರಿಗೆ ಹೋದಾಗ ಅಪ್ಪನಿಗೆ ಉತ್ತರ ಹೇಳುತ್ತೇನೆ: ‘ಗೆಲ್ಲೋದು ಅವರ ಕೈಯಾಗ ಐತ್ರಿ ಅಪ್ಪಾಜಿ. ಏಣಿ ಹಿಡ್ಕೊಳ್ಳೋರು ಬಿಡದಿದ್ರ ಸಾಕು.’

– ಬಿ.ಇ. ವಿದ್ಯಾರ್ಥಿ, ಐರಣಿ, ರಾಣೆಬೆನ್ನೂರು ತಾಲ್ಲೂಕು