ತಗಡಿನ ಮನೆಯೂ ಬೇವಿನ ನೆರಳೂ

ಕಳೆದ ಏಪ್ರಿಲ್ ತಿಂಗಳಿನ ಒಂದು ಮಧ್ಯಾಹ್ನ, ರಾಯಚೂರಿನಿಂದ ಹೊಸಪೇಟೆಯ ಕಡೆಗೆ ಹೊರಟಿದ್ದ ನಮ್ಮ ಮಿತ್ರರ ಕ್ಯಾಂಪರ್ ವ್ಯಾನು ಊಟಕ್ಕೆಂದು ರಸ್ತೆಬದಿಯ ಒಂದು ಡಾಂಬರು ಬಯಲಿನಲ್ಲಿ ನಿಂತಾಗ, ಒಳಗಿದ್ದ ನಾವು ನಾಲ್ವರೂ ಬುತ್ತಿಯ ಡಬ್ಬಿಗಳನ್ನು ಹಿಡಿದು ಹೊರಕ್ಕೆ ಧಾವಿಸಿ, ವ್ಯಾನಿನದೇ ನೆರಳು ಬಿದ್ದಿದ್ದ ಎರಡಡಿಯ ಪಟ್ಟಿಯಲ್ಲಿ ಸಾಲಾಗಿ ಕುಳಿತೆವು. ಮಲಗಲು ಮಂಚ, ಅಡುಗೆಗೆ ಒಲೆ, ಕೈತೊಳೆಯಲು ಸಿಂಕು, ಪುಟ್ಟದೊಂದು ಫ್ರಿಜ್ಜು, ಇಷ್ಟೆಲ್ಲ ಉಳ್ಳ ಆ ಸಂಚಾರಿ ಗೃಹದಲ್ಲಿ ಕುಳಿತಿರುವುದೊಂದು ಮಾತ್ರ ಸಾಧ್ಯವಿರಲಿಲ್ಲ. ಗೋಡೆಗೆ ತೂಗುಹಾಕಿದ್ದ ಉಷ್ಣಮಾಪಕ 48 ಡಿಗ್ರಿಯನ್ನು ತೋರಿಸುತ್ತಿತ್ತು. ದೀಪ ಹೋದರಿರಲೆಂದು ಗೂಡಿನಲ್ಲಿ ನಿಲ್ಲಿಸಿದ್ದ ಮೇಣದಬತ್ತಿ ಬಿಲ್ಲಿನಂತೆ ಬಾಗಿ ತನ್ನ ತಲೆಯನ್ನು ಹಲಗೆಗೆ ಊರಿಕೊಂಡಿತ್ತು.

ಊರಿಗೆ ಮರಳಿದೊಡನೆ ಒಂದು ಟನ್ನಿನ ಏಸಿ ಕೂಡಿಸತಕ್ಕದ್ದೆಂದು ಮಿತ್ರರು ಅಲ್ಲಿಯೇ ನಿಶ್ಚಯಿಸಿದರು. ಅವರ ಸಂಕಟ ನನ್ನದೂ ಆಗಿದ್ದುದರಿಂದ ಆಗ ನಾನು ವಾದಿಸಲಿಲ್ಲ, ಈಗ ವಾದಿಸುತ್ತೇನೆ. ಐದು ಮೀಟರ್ ಉದ್ದ, ಎರಡು ಮೀಟರ್ ಅಗಲದ ವ್ಯಾನಿನ ಮಾಡಿನ ಮೇಲೆ ನಡುಹಗಲಿನ ಸೂರ್ಯನು ಚದರ ಮೀಟರೊಂದಕ್ಕೆ ಸುಮಾರು 1,000 ವ್ಯಾಟಿನಂತೆ ಸುರಿಸುವ ಶಕ್ತಿ ಹತ್ತು ಕಿಲೋವ್ಯಾಟ್. ಒಂದು ಟನ್ನಿನ ಏಸಿ ಒಳಗಿನಿಂದ ಎತ್ತಿ ಹೊರಹಾಕಬಲ್ಲ ಉಷ್ಣವಾದರೋ ಕೇವಲ ಮೂರೂವರೆ ಕಿಲೋವ್ಯಾಟ್. ಬಿದ್ದ ಬಿಸಿಲೆಲ್ಲ ಒಳಗಿಳಿಯುವುದಿಲ್ಲ, ನಿಜ. ಆದರೆ ಆ ಯಂತ್ರಕ್ಕೆ ತಾನು ತಿರುಗಲು ಹೆಚ್ಚುಕಡಮೆ ಒಂದು ಕಿಲೋವ್ಯಾಟ್ ವಿದ್ಯುತ್ತು ಬೇಕಾಗಿರಲಾಗಿ, 12 ವೋಲ್ಟಿನ, 100 ಆಂಪಿಯರ್-ಗಂಟೆಯ ಬ್ಯಾಟರಿ ಅದನ್ನು ಒಂದು ಗಂಟೆ ಸಲಹಿದರೆ ಹೆಚ್ಚು. ಮಾಡಿನ ತಗಡು ಕಾಯುವುದಕ್ಕೆ ಬಿಟ್ಟು, ಕಾದ ಮೇಲೆ ಒಳಗನ್ನು ತಣಿಸಹೊರಡುವುದು ಒಡೆದ ಕೊಡಕ್ಕೆ ನೀರು ಹೊರುವ ಕೆಲಸ.

ಬೇಗೆಯನ್ನು ಬಾಗಿಲಲ್ಲಿಯೇ ತಡೆಯುವ ವಿದ್ಯೆ ಹೊಸದೇನಲ್ಲ. ಆಫ್ರಿಕದ ಬಿಸಿಲಿಗೆ ಹೋಗುತ್ತಿದ್ದ ಹಳೆಯ ಲ್ಯಾಂಡ್ ರೋವರ್ ವಾಹನಗಳಿಗೆ ಮಾಡಿನ ಮೇಲೊಂದು ಮಾಡು ಇರುತ್ತಿತ್ತು. ಮೇಲಿನ ತಗಡು ಬಿಸಿಲನ್ನು ತಾನು ಉಣ್ಣುವುದು, ಎರಡರ ನಡುವಣ ಸಂದಿಯಲ್ಲಿ ಗಾಳಿ ಹರಿದು ಆ ಕಾವನ್ನು ಒಯ್ಯುವುದು, ಕೆಳಗಿನ ತಗಡು ನೆರಳಿನಲ್ಲಿ ಉಳಿಯುವುದು. ಇಂದು ಸೋಲಾರ್ ಫಲಕಗಳನ್ನು ಮಾಡಿಗೆ ಅಂಟಿಸದೆ ನಾಲ್ಕು ಬೆರಳು ಎತ್ತರಿಸಿ ಕೂಡಿಸಿದವರಿಗೆ ವಿದ್ಯುತ್ತಿನೊಡನೆ ಈ ಛತ್ರವೂ ಬಿಟ್ಟಿಯಾಗಿ ದೊರೆಯುತ್ತದೆ. ಮಾಡಿಗೆ ಬಿಳಿಯ ಬಣ್ಣ ಬಳಿಯುವುದು ಇನ್ನೂ ಅಗ್ಗದ ಉಪಾಯ. ನಮ್ಮ ಮಿತ್ರರದು ಕಡುನೀಲಿ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ. ಹೊಳೆಯುವ ಹಾಳೆಯನ್ನು ತಗಡಿಗೆ ಒತ್ತಿ ಅಂಟಿಸಿ, ಮೇಲೆ ಪ್ಲೈವುಡ್ ಬಡಿದು, ಶಾಖನಿರೋಧ ಮಾಡಿದ್ದೇವೆನ್ನುವ ಮೇಸ್ತ್ರಿಗಳನ್ನು ಕಂಡಿದ್ದೇನೆ. ಹಾಳೆಯ ಎದುರಿಗೆ ಒಂದಂಗುಲದಷ್ಟಾದರೂ ಗಾಳಿಯ ಸಂದಿಯಿಲ್ಲದಿದ್ದಲ್ಲಿ ಅದು ಕನ್ನಡಿಯ ಕೆಲಸ ಮಾಡದೆ ಬರಿಯ ಲೋಹವಾಗಿ ಕಾವನ್ನು ದಾಟಿಸುತ್ತದೆಂಬುದನ್ನು ಅವರಿಗೆ ಯಾರೂ ಹೇಳಿದಂತಿಲ್ಲ.

ಗಾಜಿನ ವಿಚಾರದಲ್ಲಿಯೂ ತಡೆ ಹೊರಗಡೆಯೇ ಇರಬೇಕು. ಪರದೆ ಒಳಗಿದ್ದರೆ ಬಿಸಿಲು ಗಾಜನ್ನು ದಾಟಿ ಬಂದು, ಪರದೆಯನ್ನು ಕಾಯಿಸಿ, ಅತಿಥಿಯಾಗಿ ಅಲ್ಲಿಯೇ ಉಳಿದುಬಿಡುತ್ತದೆ. ಕಪ್ಪು ಗಾಜನ್ನು ನೆಚ್ಚೋಣವೆಂದರೆ, ಮುಂದಿನ ಹಿಂದಿನ ಗಾಜುಗಳಲ್ಲಿ ಶೇಕಡ 70, ಪಕ್ಕದವುಗಳಲ್ಲಿ ಶೇಕಡ 50ರಷ್ಟಾದರೂ ಬೆಳಕು ಹಾಯಬೇಕೆಂಬುದು ನಮ್ಮ ಮೋಟಾರು ವಾಹನ ನಿಯಮ. ನಿಂತಾಗ ಹೊರಗಿನಿಂದ ಒಂದು ಬಿಳಿಯ ಕ್ಯಾನ್ವಾಸನ್ನು ಇಳಿಬಿಡುವುದಕ್ಕೆ ಯಾವ ನಿಯಮವೂ ಅಡ್ಡಬಾರದು.

ಇರುಳಿಗೆ ಧರ್ಮ ಬೇರೆ. ಹಗಲು ಕಾವನ್ನು ಹೊರಗಿಟ್ಟ ಅದೇ ಹೊದಿಕೆ, ಸಂಜೆಯ ಮೇಲೆ ಒಳಗೆ ಸೇರಿದ್ದನ್ನು ಹೊರಹೋಗಗೊಡದು. ಆದುದರಿಂದ ತಣ್ಣೆಲರು ಬೀಸುವ ದಿಕ್ಕಿನ ಕಿಟಕಿಯನ್ನು ತೆರೆದು, ಮಾಡಿನ ಹಿಂಬದಿಯಲ್ಲಿ ಮೂವತ್ತು ವ್ಯಾಟಿನಷ್ಟನ್ನೂ ಬೇಡದ ಒಂದು ಫ್ಯಾನನ್ನು ಹೊರಮುಖವಾಗಿ ತಿರುಗಿಸಿದರೆ, ಮೇಲೇರಿದ ಬಿಸಿಗಾಳಿ ಆ ದಾರಿಯಿಂದ ಹೊರಟುಹೋಗುತ್ತದೆ. ನೀರಿನ ಕೂಲರು ಕಲಬುರಗಿಯ ಒಣಗಾಳಿಯಲ್ಲಿ ಮಣ್ಣಿನ ಹೂಜಿಯ ನ್ಯಾಯದಿಂದಲೇ ಸುಖಕೊಡುವುದಾದರೂ, ಮಂಗಳೂರಿನ ತೇವದಲ್ಲಿ ಸೆಕೆಗೆ ಸೆಕೆ ಕೂಡಿಸುವುದಷ್ಟೇ ಅದರ ಸಾಧನೆ. ಮಕ್ಕಳಿರುವವರಿಗೆ ಒಂದು ಮಾತು: ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ವಾಹನದ ಒಳಗು ಹತ್ತೇ ನಿಮಿಷಗಳಲ್ಲಿ ಸುಮಾರು ಹತ್ತು ಡಿಗ್ರಿ ಏರುತ್ತದೆ.

ಏಸಿಯ ಮೋಹ ಬರಿಯ ಖರ್ಚಿನ ಮಾತಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಬ್ಯಾಟರಿ ಸಾಲದಾದಾಗ ಅದು ಎಂಜಿನನ್ನೋ ಜನರೇಟರನ್ನೋ ಬೇಡುತ್ತದೆ. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದ ರಸ್ತೆಬದಿಯಲ್ಲಿ ನಿಂತಿದ್ದ ಕ್ಯಾರವಾನೊಂದರೊಳಗೆ ಇಬ್ಬರು ಶವವಾಗಿ ದೊರೆತರು. ಜನರೇಟರು ಉಗುಳಿದ ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರಿಕೊಂಡಿತ್ತು. ಬಣ್ಣವಿಲ್ಲದ, ವಾಸನೆಯಿಲ್ಲದ ಆ ಅನಿಲ ಮಲಗಿದವನನ್ನು ಎಬ್ಬಿಸುವುದಿಲ್ಲ. ಎಂಜಿನನ್ನೋ ಜನರೇಟರನ್ನೋ ಓಡಗೊಟ್ಟು ಕಿಟಕಿಗಳನ್ನು ಬಿಗಿದು ಮಲಗುವುದು ಯಾವ ಸೆಕೆಯಲ್ಲಿಯೂ ಕೂಡದು.

ಇವೆಲ್ಲವೂ ಒಡೆಯನ ಕೈಯಲ್ಲಿರುವ ಉಪಾಯಗಳು. ಆದರೆ ಇವುಗಳಿಗಿಂತ ಹಿರಿದಾದ ಉಪಾಯ ವ್ಯಾನಿನ ಹೊರಗಿದೆ, ಅದು ಅವನ ಸ್ವತ್ತಲ್ಲ. ಕಮಾನು ಗಾಡಿಯ ಕಾಲದಲ್ಲಿ ನಮ್ಮ ಹಿರಿಯರು ಬೆಳಗಿನ ಜಾವಕ್ಕೆ ಎತ್ತು ಹೂಡಿ, ಬಿಸಿಲೇರುವ ಮುನ್ನ ಯಾವುದಾದರೊಂದು ತೋಪಿನಲ್ಲಿ ಗಾಡಿ ಬಿಟ್ಟು, ಹೊತ್ತು ಇಳಿದ ಮೇಲೆ ಮುಂದುವರಿಯುತ್ತಿದ್ದರು. ಅವರ ಬಿದಿರು ಚಾಪೆಯ ಮಾಡು ನಮ್ಮ ತಗಡಿಗಿಂತ ಮೇಲಾದುದು ಹೌದು. ಆದರೆ ಪಯಣ ಸಾಗುತ್ತಿದ್ದುದು ತೋಪು ಇದ್ದುದರಿಂದ. ರಸ್ತೆ ಅಗಲವಾದಂತೆ ಹುಣಿಸೆ, ಆಲ, ಹೊಂಗೆಗಳ ಸಾಲು ಉರುಳಿತು. ಬದಲಿಗೆ ನಡುವಿಭಜಕದಲ್ಲಿ ಕಣಗಿಲೆಯೂ ಕಾಗದದ ಹೂವೂ ಬಂದುವು. ಕಣ್ಣಿಗೆ ಚೆಲುವೇ, ಆದರೆ ಅವುಗಳ ಅಡಿಯಲ್ಲಿ ನಾಯಿಮರಿಯೊಂದು ಮಲಗುವಷ್ಟೂ ನೆರಳಿಲ್ಲ. ಹುಲಿಕಲ್ಲಿನಿಂದ ಕುದೂರಿನವರೆಗೆ ಸಾಲುಮರದ ತಿಮ್ಮಕ್ಕನವರು ಆಲದ ಸಸಿಗಳನ್ನು ನೆಟ್ಟು ನೀರುಹೊತ್ತು ಬೆಳೆಸಿದ ದಾರಿಯಲ್ಲಿ ಬೇಸಗೆಯ ನಡುಹಗಲು ಒಮ್ಮೆ ಹಾದುಹೋದವರಿಗೆ ನಾನು ಹೇಳುತ್ತಿರುವುದು ಮೈಯಿಂದಲೇ ತಿಳಿದಿರುತ್ತದೆ. 2015ರಲ್ಲಿ ಕೇಂದ್ರ ಸರ್ಕಾರ ಹಸಿರು ಹೆದ್ದಾರಿ ನೀತಿಯೊಂದನ್ನು ಪ್ರಕಟಿಸಿತು. ಆದರೂ ವ್ಯಾನುಗಳು ನಿಲ್ಲುವ ತಾಣಗಳ ಮಾತು ಬಂದಾಗ ಇಂದಿಗೂ ನಾವು ಕೇಳುವ ಮೊದಲ ಪ್ರಶ್ನೆ ಪ್ಲಗ್ ಪಾಯಿಂಟು ಎಷ್ಟು ಎಂಬುದು. ಬೇವು ಎಷ್ಟು ಎಂದು ಮೊದಲು ಕೇಳಬೇಕು, ಮತ್ತು ಇಂದೇ ಕೇಳಬೇಕು, ಏಕೆಂದರೆ ಪ್ಲಗ್ಗನ್ನು ಒಂದು ದಿನದಲ್ಲಿ ಕೂಡಿಸಬಹುದು, ಬೇವನ್ನು ಕೂಡಿಸಲಾಗದು.

ಅಂದು ಡಾಂಬರು ಬಯಲನ್ನು ಬಿಟ್ಟು ಹೊರಟ ನಮಗೆ ಕೆಲವು ಮೈಲಿಗಳಾಚೆ ಹನುಮಂತನ ಗುಡಿಯೊಂದರ ಮಗ್ಗುಲಲ್ಲಿ ಮುದಿಬೇವೊಂದು ಕಾಣಿಸಿತು. ಅದರಡಿಯಲ್ಲಿ ಕುರಿಹಿಂಡಿನೊಡನೆ ಕುಳಿತಿದ್ದ ಮುದುಕನು, ಮಿತ್ರರು ವ್ಯಾನನ್ನು ಇದ್ದ ನೆರಳಿಗೆ ತೂರಿಸಲೆಳಸುತ್ತಿರುವುದನ್ನು ಕ್ಷಣಕಾಲ ನೋಡಿ, ಕೋಲೆತ್ತಿ ತಡೆದು, "ಅಲ್ಲಿ ಬ್ಯಾಡ್ರಿ ಯಪ್ಪಾ, ಮೂಡಲ ಕಡಿ ನಿಂದರಸ್ರಿ, ಇನ್ನೊಂದು ತಾಸಿಗೆ ನೆಳ್ಳು ತಾನs ಅಲ್ಲಿಗೆ ಬರ್ತೈತಿ" ಎಂದ. ನಾವು ಬಿಸಿಲಿನಲ್ಲಿಯೇ ವ್ಯಾನು ನಿಲ್ಲಿಸಿ, ಇಳಿದು, ಕುರಿಗಳ ನಡುವೆ ಜಾಗಮಾಡಿಕೊಂಡು ಕುಳಿತು, ನೆರಳು ಬರುವುದನ್ನು ಕಾದೆವು.