ಮೂರ್ತಿ ಚಿಕ್ಕದು, ಕಾವು ದೊಡ್ಡದು

ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬ ಗಾದೆಮಾತು ಈಚೆಗೆ ಒಂದು ಹೊಸ ವಸ್ತುವಿಗೆ ಅನ್ವಯವಾಗತೊಡಗಿದೆ. ಮೇಜಿನ ಕೆಳಗೆ ಸಣ್ಣ ಬೀರುವಿನಂತೆ ನಿಂತಿರುತ್ತಿದ್ದ ಆಟದ ಕಂಪ್ಯೂಟರು ಈಗ ಮೇಜಿನ ಮೇಲೆ, ಪುಸ್ತಕಗಳ ಪಕ್ಕದಲ್ಲಿ, ಪುಟ್ಟ ಪೆಟ್ಟಿಗೆಯಾಗಿ ಕುಳಿತುಕೊಳ್ಳಬಲ್ಲುದು. ಹುಡುಗರಿಗೆ ಇದರ ಮೇಲೆ ಮೋಹ. ತಾಯಂದಿರಿಗೆ ಮನೆಯಲ್ಲಿ ಸ್ಥಳ ಉಳಿಯಿತೆಂಬ ಸಮಾಧಾನ. ತಂದೆಯವರಿಗೆ ಮಾತ್ರ ಅಂಗಡಿಯವನು ಹೇಳಿದ ಬೆಲೆಯನ್ನು ಕೇಳಿ ದಿಗಿಲು.

ಕನ್ನಡ ಪಾಠ ಹೇಳುವವನಿಗೆ ಈ ವಿಚಾರದಲ್ಲೇನು ಕೆಲಸವೆಂದು ವಾಚಕರು ಹುಬ್ಬೇರಿಸಬಹುದು. ದಿನವೂ ಹದಿನೆಂಟು ಇಪ್ಪತ್ತರ ವಯಸ್ಸಿನವರ ನಡುವೆ ಬದುಕುವವನು ಛಂದಸ್ಸಿನ ಲಕ್ಷಣದೊಡನೆ ಗ್ರಾಫಿಕ್ಸ್ ಕಾರ್ಡಿನ ಲಕ್ಷಣವನ್ನೂ ಕಲಿಯದೆ ವಿಧಿಯಿಲ್ಲ. ವಿದ್ಯಾರ್ಥಿಗಳ ತಂದೆತಾಯಿಗಳು ಸಿಕ್ಕಿದಾಗ, ಅಂಕಗಳ ಮಾತು ಮುಗಿದ ಮೇಲೆ, ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆಯೊಂದುಂಟು: “ಮೇಷ್ಟ್ರೇ, ಈ ಚಿಕ್ಕ ಕಂಪ್ಯೂಟರನ್ನು ಕೊಡಿಸಬಹುದೇ?” ಮಧ್ಯಮವರ್ಗದ ಮನೆಯಲ್ಲಿ ಇದು ಕೇವಲ ಆಟದ ಸಾಮಾನಿನ ಪ್ರಶ್ನೆಯಲ್ಲ. ಹಲವು ತಿಂಗಳ ಉಳಿತಾಯ ಇದರಲ್ಲಿ ಸೇರಿದೆ. ಆಟವಾಡಿದ ಯಂತ್ರದಲ್ಲಿಯೇ ಓದು ಬರಹಗಳೂ ನಡೆಯಬೇಕು. ಅದು ಐದಾರು ವರ್ಷಗಳಾದರೂ ಬಾಳಬೇಕು. ನನ್ನ ಉತ್ತರ ಇಷ್ಟೆ: ಅಗತ್ಯವಿದ್ದರೆ ಕೊಡಿಸಿರಿ, ಆದರೆ ಎಲ್ಲರೂ ಮೊದಲು ಆರಿಸುವ ಪೆಟ್ಟಿಗೆಯನ್ನು ನೀವು ಕಟ್ಟಕಡೆಗೆ ಆರಿಸಿರಿ.

ಮೊದಲು ಅಳತೆಯ ಮಾತು. ಈ ಪೆಟ್ಟಿಗೆಗಳನ್ನು, ಅಂದರೆ ಅಂಗಡಿಯವರು ಕ್ಯಾಬಿನೆಟ್ಟು ಎಂದು ಕರೆಯುವುದನ್ನು, ಬಲ್ಲವರು ಲೀಟರಿನಲ್ಲಿ ಅಳೆಯುವರು. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1,000ದಿಂದ ಭಾಗಿಸಿದರೆ ಲೀಟರು ಬರುವುದು. ನಗರದ ಮನೆಗಳಿಗೆ ಬರುವ ಕುಡಿಯುವ ನೀರಿನ ಕ್ಯಾನು 20 ಲೀಟರಿನದು. ಸಾಧಾರಣವಾದ ಕ್ಯಾಬಿನೆಟ್ಟು ಅಂತಹ ಎರಡು ಕ್ಯಾನುಗಳಷ್ಟು, ಎಂದರೆ 40ರಿಂದ 50 ಲೀಟರು, ಜಾಗವನ್ನು ಹಿಡಿಯುವುದು. ಚಿಕ್ಕದೆನ್ನಿಸಿಕೊಳ್ಳಬೇಕಾದರೆ ಒಂದು ಕ್ಯಾನಿಗಿಂತ ಕಡಮೆಯಿರಬೇಕೆಂಬುದು ರೂಢಿ. ಕೂಲರ್ ಮಾಸ್ಟರ್ ಕಂಪನಿಯವರ ಎನ್‌ಆರ್200 ಸುಮಾರು 18 ಲೀಟರು. ಫ್ರಾಕ್ಟಲ್ ಕಂಪನಿಯವರ ಟೆರಾ 10.4 ಲೀಟರು, ಡ್ಯಾನ್ ಎ4 ಎಂಬುದು 7.2 ಲೀಟರು ಮಾತ್ರ.

ಇಷ್ಟು ಕುಗ್ಗಲು ಸಾಧ್ಯವಾದದ್ದು ಹೇಗೆ? 1995ರಲ್ಲಿ ಇಂಟೆಲ್ ಕಂಪನಿಯು ನಿರ್ಣಯಿಸಿದ ಎಟಿಎಕ್ಸ್ ಎಂಬ ಮದರ್‌ಬೋರ್ಡು 305 ಮಿಲಿಮೀಟರು ಉದ್ದ, 244 ಮಿಲಿಮೀಟರು ಅಗಲವುಳ್ಳದ್ದು. 2001ರಲ್ಲಿ ತೈವಾನಿನ ವಿಐಎ ಕಂಪನಿಯು ಮಿನಿ-ಐಟಿಎಕ್ಸ್ ಎಂಬ ಹೊಸ ಅಳತೆಯನ್ನು ತಂದಿತು. ಅದು ಎರಡು ಕಡೆಗೂ 170 ಮಿಲಿಮೀಟರು. ಊಟದ ತಟ್ಟೆಗಿಂತ ಚಿಕ್ಕದು. ಇದರಲ್ಲಿ ಹೆಚ್ಚುವರಿ ಕಾರ್ಡಿಗೆ ಒಂದೇ ಸ್ಥಾನ. ರ‍್ಯಾಮಿಗೆ ಸಾಮಾನ್ಯವಾಗಿ ಎರಡೇ ಸ್ಥಾನ. ಪವರ್ ಸಪ್ಲೈ ಕೂಡ ಎಸ್‌ಎಫ್‌ಎಕ್ಸ್ ಎಂಬ ಕಿರಿಯ ಅಳತೆಗೆ ಇಳಿಯಿತು. ಹೀಗೆ ಒಂದೊಂದು ಅಂಗವೂ ಮೈಯನ್ನು ಕುಗ್ಗಿಸಿಕೊಂಡಿತು. ಕುಗ್ಗದೆ ಉಳಿದದ್ದು ಒಂದೇ ಒಂದು. ಅದು ಕಾವು.

ವಿದ್ಯುತ್ತು ಕಂಪ್ಯೂಟರಿನೊಳಗೆ ಹೊಕ್ಕು ಎಂತಹ ಮಾಯಾಲೋಕವನ್ನೇ ಚಿತ್ರಿಸಲಿ, ಕೊನೆಗೆ ಅದಷ್ಟೂ ಕಾವಾಗಿಯೇ ಹೊರಬೀಳಬೇಕು. ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 5060 ಎಂಬ ಕಾರ್ಡು ಬಳಸುವುದು 145 ವಾಟು. 5070 ಎಂಬುದು 250 ವಾಟು. ಎಲ್ಲಕ್ಕೂ ಮಿಗಿಲಾದ 5090 ಎಂಬುದು 575 ವಾಟು. ಕೊನೆಯದಕ್ಕೆ ತಕ್ಕ ಪ್ರೊಸೆಸರನ್ನೂ ಕೂಡಿಸಿದರೆ, ಮನೆಯಲ್ಲಿ ಬಟ್ಟೆಗೆ ಹಾಕುವ 750 ವಾಟಿನ ಇಸ್ತ್ರಿಪೆಟ್ಟಿಗೆಯ ಸಮೀಪಕ್ಕೆ ಬಂದಂತಾಯಿತು. ಉರಿಯುವ ಇಸ್ತ್ರಿಪೆಟ್ಟಿಗೆಯನ್ನು ಅರ್ಧ ನೀರಿನ ಕ್ಯಾನಿನಷ್ಟು ಪೆಟ್ಟಿಗೆಯಲ್ಲಿಟ್ಟು, ಗಾಳಿಯಾಡಿಸಿ, ಸದ್ದಿಲ್ಲದಂತೆ ಸಂಜೆಯೆಲ್ಲ ನಡೆಸಬೇಕೆಂದರೆ ಎಷ್ಟು ಜಾಣ್ಮೆ ಬೇಕಾದೀತೆಂಬುದನ್ನು ಗೃಹಿಣಿಯರೇ ಊಹಿಸಬಲ್ಲರು. ದೊಡ್ಡ ಪೆಟ್ಟಿಗೆಯಲ್ಲಿ ದೊಡ್ಡ ಫ್ಯಾನು ನಿಧಾನವಾಗಿ ತಿರುಗಿ ಮಾಡುವ ಕೆಲಸವನ್ನು ಚಿಕ್ಕ ಪೆಟ್ಟಿಗೆಯಲ್ಲಿ ಚಿಕ್ಕ ಫ್ಯಾನು ವೇಗವಾಗಿ ತಿರುಗಿ ಮಾಡಬೇಕು, ಆದುದರಿಂದಲೇ ಸದ್ದು. ಇನ್ನು, ಒಳಗಿನ ಕಾವನ್ನು ಹೊರಗೆ ಸಾಗಿಸುವುದು ಕೋಣೆಯ ಗಾಳಿಯೇ. ಐರೋಪ್ಯ ದೇಶಗಳ ತಂಪುಕೋಣೆಯಲ್ಲಿ ಪರೀಕ್ಷಿಸಿ ಮೆಚ್ಚಿದ ಪೆಟ್ಟಿಗೆಯು ರಾಯಚೂರು ಕಲಬುರಗಿಗಳ ಬೇಸಗೆಯಲ್ಲಿ, 40 ಡಿಗ್ರಿ ದಾಟಿದ ಮಧ್ಯಾಹ್ನದಲ್ಲಿ, ಅದೇ ಸೊಗಸಿನಿಂದ ನಡೆಯುವುದೆಂದು ನಂಬುವಂತಿಲ್ಲ.

ಈ ಲೆಕ್ಕ ತಪ್ಪಿದರೆ ಘಟಾನುಘಟಿಗಳೂ ತೊಡಕಿಗೆ ಸಿಲುಕುವರೆಂಬುದಕ್ಕೆ ನಿದರ್ಶನವುಂಟು. ಆಪಲ್ ಕಂಪನಿಯು 2013ರಲ್ಲಿ ಮ್ಯಾಕ್ ಪ್ರೊ ಎಂಬ, ನುಣುಪಾದ ಕಪ್ಪು ಡಬ್ಬಿಯಂತಹ ಕಂಪ್ಯೂಟರನ್ನು ಹೊರತಂದಿತು. ಅದು ಆಟಕ್ಕಾಗಿ ಅಲ್ಲ, ಚಲನಚಿತ್ರ ಸಂಕಲನವೇ ಮೊದಲಾದ ಭಾರಿ ಕೆಲಸಗಳಿಗಾಗಿ ಮಾಡಿದ್ದು. ಸುಮಾರು 25 ಸೆಂಟಿಮೀಟರು ಎತ್ತರ. ಒಳಗೆ ಒಂದೇ ಫ್ಯಾನು. ಪ್ರೊಸೆಸರಿಗೂ ಎರಡು ಗ್ರಾಫಿಕ್ಸ್ ಕಾರ್ಡುಗಳಿಗೂ ಸಮಾನವಾಗಿ ಹಂಚಿಕೊಂಡ ಒಂದು ತ್ರಿಕೋನಾಕಾರದ ಲೋಹದ ತಿರುಳು. ನೋಡಿದವರೆಲ್ಲ ಬೆರಗಾದರು. ಆದರೆ ಕಾಲಕ್ರಮದಲ್ಲಿ ಒಂದೇ ಕಾರ್ಡು ಹೆಚ್ಚು ಶಕ್ತಿಯನ್ನೂ ಹೆಚ್ಚು ಕಾವನ್ನೂ ಪಡೆಯುವ ಕಡೆಗೆ ಲೋಕ ಹೊರಳಿತು. ಆ ಡಬ್ಬಿಯಲ್ಲಿ ಅಂತಹ ಕಾರ್ಡಿಗೆ ಎಡೆಯಿರಲಿಲ್ಲ. 2017ರಲ್ಲಿ ಕಂಪನಿಯ ಹಿರಿಯರೇ ಪತ್ರಕರ್ತರ ಮುಂದೆ ಇದನ್ನು ಒಪ್ಪಿಕೊಂಡರು. 2019ರಲ್ಲಿ ಅದೇ ಹೆಸರಿನಲ್ಲಿ ಮತ್ತೆ ದೊಡ್ಡ ಪೆಟ್ಟಿಗೆ ಬಂದಿತು. ಅಷ್ಟು ದೊಡ್ಡ ಕಂಪನಿಗೆ ಇದು ಹೊಸ ನಕ್ಷೆಯೊಂದನ್ನು ಬರೆಯುವ ಖರ್ಚು ಅಷ್ಟೆ. ನಮ್ಮ ಮನೆಗಳಲ್ಲಿ ಹೀಗಾದರೆ ಎರಡನೆಯ ಪೆಟ್ಟಿಗೆಗೆ ಹಣವೆಲ್ಲಿ?

ಆದುದರಿಂದ ಆಯ್ಕೆಯ ಕ್ರಮವನ್ನು ತಲೆಕೆಳಗು ಮಾಡಬೇಕು. ಮೊದಲ ಪ್ರಶ್ನೆ: ಯಾವ ಆಟ, ಯಾವ ಪರದೆ? ವ್ಯಾಲರೆಂಟಿನಂತಹ ಆಟಗಳು ಹಗುರ. ಹೊಸ ಕಥಾಪ್ರಧಾನ ಆಟಗಳು ಭಾರ. 1080ಪಿ ಎಂಬ ಸಾಧಾರಣ ಪರದೆಗೆ ಸಾಕಾಗುವ ಕಾರ್ಡು 4ಕೆ ಪರದೆಗೆ ಸಾಲದು. 4ಕೆ ಪರದೆಗೆ ಬೇಕಾದ ಕಾರ್ಡು 1080ಪಿ ಪರದೆಯ ಮುಂದೆ ದಂಡ. ಇದಕ್ಕೆ ಉತ್ತರ ದೊರೆತ ಮೇಲೆ ಕಾರ್ಡನ್ನು ನಿಶ್ಚಯಿಸಿ, ಅದರ ಉದ್ದ, ಎತ್ತರ, ದಪ್ಪಗಳನ್ನು ಬರೆದುಕೊಳ್ಳಬೇಕು. ಒಂದೇ ಹೆಸರಿನ ಕಾರ್ಡನ್ನು ಬೇರೆ ಬೇರೆ ತಯಾರಕರು ಬೇರೆ ಬೇರೆ ಗಾತ್ರದಲ್ಲಿ ಮಾಡುವುದರಿಂದ ಹೆಸರನ್ನು ನೋಡಿದರೆ ಸಾಲದು. ಈ ಗೊಂದಲವನ್ನು ನೀಗಲೆಂದು ಎನ್‌ವಿಡಿಯಾ ಕಂಪನಿಯು 2024ರಲ್ಲಿ ಚಿಕ್ಕ ಪೆಟ್ಟಿಗೆಗೆ ಯೋಗ್ಯವಾದ ಕಾರ್ಡಿನ ಗರಿಷ್ಠ ಮಿತಿಯನ್ನು ಸೂಚಿಸಿತು: ಉದ್ದ 304, ತಂತಿ ಬಾಗುವ ಜಾಗವೂ ಸೇರಿ ಎತ್ತರ 151, ದಪ್ಪ 50 ಮಿಲಿಮೀಟರು. ತಂತಿ ಬಾಗುವ ಜಾಗವನ್ನು ಲೆಕ್ಕಕ್ಕೆ ಹಿಡಿದಿರುವುದನ್ನು ಗಮನಿಸಿರಿ. ಹೊಸಬರು ಮರೆಯುವುದು ಅದನ್ನೇ.

ಕಾರ್ಡಾದ ಮೇಲೆ ಪ್ರೊಸೆಸರು, ಅದನ್ನು ತಣಿಸುವ ಕೂಲರು, ಪವರ್ ಸಪ್ಲೈ. ಕೂಲರಿನ ಎತ್ತರ ಇಲ್ಲಿ ಮುಖ್ಯ. ಮೇಲೆ ಹೇಳಿದ ಟೆರಾ ಪೆಟ್ಟಿಗೆಯ ನಡುಗೋಡೆಯನ್ನು ಸರಿಸಬಹುದು. ಕಾರ್ಡಿನ ಕಡೆಗೆ ಜಾಗ ಹೆಚ್ಚಿಸಿದರೆ ಕೂಲರಿನ ಕಡೆಗೆ ಅಷ್ಟೇ ಕಡಮೆಯಾಗುವುದು. ಅವಿಭಕ್ತ ಕುಟುಂಬದಲ್ಲಿ ಕೋಣೆ ಹಂಚಿಕೊಂಡ ಅಣ್ಣತಮ್ಮಂದಿರಂತೆ ಒಬ್ಬರ ಲಾಭ ಇನ್ನೊಬ್ಬರ ನಷ್ಟ. ಇವೆಲ್ಲವೂ ಕಾಗದದ ಮೇಲೆ ಕೂಡಿಬಂದ ನಂತರವೇ, ಇವನ್ನು ಹಿಡಿಸಬಲ್ಲ ಪೆಟ್ಟಿಗೆ ಯಾವುದೆಂದು ಹುಡುಕಬೇಕು. ಕಾರ್ಡನ್ನು ಮದರ್‌ಬೋರ್ಡಿನ ಬೆನ್ನಿಗೆ ತಿರುಗಿಸಿ ಕೂರಿಸುವ ಪೆಟ್ಟಿಗೆಗಳಲ್ಲಿ ಎರಡನ್ನೂ ಕೂಡಿಸಲು ರೈಸರ್ ಎಂಬ ಪಟ್ಟಿ ಇರುವುದು. ಅದು ಉತ್ತಮ ದರ್ಜೆಯದಾಗಿರಲಿ. ಎನ್‌ಝಡ್‌ಎಕ್ಸ್‌ಟಿ ಕಂಪನಿಯು ತನ್ನ ಎಚ್1 ಪೆಟ್ಟಿಗೆಯನ್ನು 2021ರಲ್ಲಿ ಹಿಂದಕ್ಕೆ ಕರೆಸಬೇಕಾಯಿತು. ರೈಸರನ್ನು ಬಿಗಿದ ತಿರುಪುಮೊಳೆಯಿಂದ ಶಾರ್ಟ್ ಸರ್ಕೀಟ್ ಆಗಿ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದ್ದುದೇ ಕಾರಣ.

ಇಷ್ಟು ಹಣ ಹೂಡಲಾರದವರಿಗೆ ಮತ್ತೊಂದು ದಾರಿಯುಂಟು. ಆಫೀಸುಗಳು ಬಳಸಿ ಮಾರಿದ ಡೆಲ್, ಎಚ್‌ಪಿ, ಲೆನೊವೊ ಕಂಪನಿಗಳ ಚಿಕ್ಕ ಡೆಸ್ಕ್‌ಟಾಪುಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಕಡೆ ಸುಲಭ ಬೆಲೆಗೆ ದೊರೆಯುವುವು. ಇವುಗಳಲ್ಲಿ ಸಾಮಾನ್ಯವಾಗಿ ಅರ್ಧ ಎತ್ತರದ ಕಾರ್ಡು ಮಾತ್ರ ಹಿಡಿಸುವುದು. ಬೋರ್ಡಿನ ಸ್ಥಾನದಿಂದ ಅದಕ್ಕೆ ಸಿಗುವ ವಿದ್ಯುತ್ತಿನ ಮಿತಿ ಹೆಚ್ಚೆಂದರೆ 75 ವಾಟು. ಆರ್‌ಟಿಎಕ್ಸ್ 3050ರಲ್ಲಿ 6 ಜಿಬಿಯದು 70 ವಾಟಿನಲ್ಲಿ ನಡೆಯುವುದು, ಅರ್ಧ ಎತ್ತರದಲ್ಲಿಯೂ ಉಂಟು. ಹಗುರವಾದ ಆಟಗಳಿಗೆ ಅದು ಧಾರಾಳವಾಗಿ ಸಾಕು. ಆದರೆ ಕೊಳ್ಳುವ ಮುನ್ನ ಮೂರು ಸಂಗತಿಗಳನ್ನು ವಿಚಾರಿಸಿರಿ. ಪ್ರೊಸೆಸರು ಇಂಟೆಲಿನದಾದರೆ ಎಂಟನೆಯ ಪೀಳಿಗೆ ಅಥವಾ ಅನಂತರದ್ದಾಗಿರಲಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ಅದಕ್ಕಿಂತ ಹಳೆಯದನ್ನು ವಿಧಿವತ್ತಾಗಿ ಒಪ್ಪುವುದಿಲ್ಲ. ಕಾರ್ಡು ಕೂರುವ ಸ್ಥಾನದ ಪಕ್ಕದಲ್ಲಿ ಅದರ ದಪ್ಪಕ್ಕೆ ಜಾಗವಿದೆಯೇ ನೋಡಿರಿ. ಪವರ್ ಸಪ್ಲೈ ಬಹುಮಟ್ಟಿಗೆ ಆ ಕಂಪನಿಯದೇ ಆದ ಆಕಾರದ್ದು. ಕೆಟ್ಟರೆ ಬದಲಿ ದೊರೆಯುವುದೇ ಎಂದು ಕೇಳಿರಿ.

ಇನ್ನು, ಅಂಗೈಯಗಲದ ಮಿನಿ ಪಿಸಿಗಳು. ಇವುಗಳಲ್ಲಿ ಗ್ರಾಫಿಕ್ಸ್ ಶಕ್ತಿ ಪ್ರೊಸೆಸರಿನಲ್ಲಿಯೇ ಅಡಕವಾಗಿರುವುದರಿಂದ ಮುಂದೆ ಕಾರ್ಡು ಬದಲಾಯಿಸುವ ಮಾತೇ ಇಲ್ಲ. ದುರಸ್ತಿಗೆ ಸುಲಭವಾದ ಲ್ಯಾಪ್‌ಟಾಪುಗಳಿಂದ ಹೆಸರಾದ ಫ್ರೇಮ್‌ವರ್ಕ್ ಕಂಪನಿಯು ಕೂಡ 2025ರಲ್ಲಿ ಹೊರತಂದ 4.5 ಲೀಟರಿನ ಡೆಸ್ಕ್‌ಟಾಪಿನಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಬೇಕಾಯಿತು. ಕೊಳ್ಳುವ ದಿನ ಇದ್ದಷ್ಟೇ ಕಡೆಯವರೆಗೂ. ಸಂಗತಿ ತಿಳಿದು ಕೊಂಡರೆ ದೋಷವಿಲ್ಲ.

ಹೀಗೆ ನೋಡಿದರೆ ಚಿಕ್ಕ ಪೆಟ್ಟಿಗೆಯ ನಿಜವಾದ ಬೆಲೆ ಅಂಗಡಿಯ ಚೀಟಿಯಲ್ಲಿ ಪೂರ್ತಿಯಾಗಿ ಬರೆದಿರುವುದಿಲ್ಲ. ನಾಳೆ ರ‍್ಯಾಮು ಹೆಚ್ಚಿಸಬೇಕು, ಮುಂದಿನ ವರ್ಷ ದೊಡ್ಡ ಕಾರ್ಡು ಹಾಕಬೇಕು, ಕೆಟ್ಟ ಭಾಗವನ್ನು ಬೀದಿಯ ತುದಿಯ ಅಂಗಡಿಯಲ್ಲಿಯೇ ಬದಲಿಸಬೇಕು: ಈ ಸ್ವಾತಂತ್ರ್ಯಗಳನ್ನೆಲ್ಲ ಒಂದಿಷ್ಟು ಒತ್ತೆಯಿಟ್ಟೇ ನಾವು ಆ ಪುಟ್ಟತನವನ್ನು ಪಡೆಯುತ್ತೇವೆ. ಹಾಸ್ಟೆಲಿಗೂ ಮನೆಗೂ ಯಂತ್ರವನ್ನು ಹೊತ್ತು ಓಡಾಡುವ ವಿದ್ಯಾರ್ಥಿಗೆ, ಒಂದೇ ಕೋಣೆಯನ್ನು ಇಬ್ಬರು ಹಂಚಿಕೊಂಡ ಅಕ್ಕತಂಗಿಯರಿಗೆ, ಈ ವಿನಿಮಯ ಲಾಭದ್ದೇ. ಮೇಜಿನ ಕೆಳಗೆ ಜಾಗವಿದ್ದೂ ಅಂದಕ್ಕಾಗಿ ಮಾತ್ರ ಬಯಸುವವರಿಗೆ, 244 ಮಿಲಿಮೀಟರಿನ ಮೈಕ್ರೊ ಎಟಿಎಕ್ಸ್ ಬೋರ್ಡು ಹಿಡಿಸುವ ಮಧ್ಯಮ ಗಾತ್ರದ ಪೆಟ್ಟಿಗೆಯೇ ಲೇಸು: ಬೆಲೆಯೂ ಸಾಧಾರಣವಾಗಿ ಕಡಮೆ, ಗಾಳಿಯೂ ಹೆಚ್ಚು. ಯಾವುದನ್ನು ಕೊಂಡರೂ ಕಾರ್ಡಿನ ವಿದ್ಯುತ್ ಮಿತಿಯನ್ನು ಅದರ ಸಾಫ್ಟ್‌ವೇರಿನಲ್ಲಿಯೇ ಕೊಂಚ ಇಳಿಸಬಹುದು. ಆಗ ವೇಗ ಅಲ್ಪ ತಗ್ಗಿದರೂ ಕಾವು ಮತ್ತು ಸದ್ದು ಅದಕ್ಕಿಂತ ಹೆಚ್ಚು ತಗ್ಗುವುವು. ಪೆಟ್ಟಿಗೆಯನ್ನು ಮುಚ್ಚಿದ ಶೋಕೇಸಿನಲ್ಲಿ ಇಡಬೇಡಿರಿ. ತಿಂಗಳಿಗೊಮ್ಮೆ ಅದರ ಜಾಲರಿಯ ಧೂಳನ್ನು ಝಾಡಿಸಿರಿ.

ತಂದೆತಾಯಿಗಳಿಗೆ ಕೊನೆಯದಾಗಿ ಒಂದು ಸಲಹೆ. ಬೇಕೆಂದು ಹಟ ಹಿಡಿದ ಮಗನಿಗೋ ಮಗಳಿಗೋ ಬೇಡವೆಂದು ಗದರಬೇಡಿರಿ, ಕೂಡಲೇ ಹಣವನ್ನೂ ಎಣಿಸಬೇಡಿರಿ. ಒಂದು ಹಾಳೆ, ಒಂದು ಅಳತೆಪಟ್ಟಿ ಕೊಟ್ಟು, ಯಾವ ಆಟಕ್ಕೆ ಯಾವ ಕಾರ್ಡು, ಅದರ ಅಳತೆಯೆಷ್ಟು, ವಾಟೆಷ್ಟು, ಕೆಟ್ಟರೆ ದುರಸ್ತಿ ಎಲ್ಲಿ, ಇವಿಷ್ಟನ್ನು ಬರೆದುಕೊಂಡು ಬರಲು ಹೇಳಿರಿ. 250 ವಾಟಿನ ಕಾರ್ಡು ಪೂರ್ಣ ಶಕ್ತಿಯಲ್ಲಿ ನಾಲ್ಕು ಗಂಟೆ ದುಡಿದರೆ ಒಂದು ಯೂನಿಟ್ ವಿದ್ಯುತ್ತು ವೆಚ್ಚವಾಗುವುದೆಂಬ ಲೆಕ್ಕವನ್ನೂ ಅದೇ ಹಾಳೆಯಲ್ಲಿ ಸೇರಿಸಲಿ. ಹಾಳೆ ತುಂಬಿ ಬಂದರೆ, ಕೊಡಿಸುವ ಯೋಚನೆಯನ್ನು ಧೈರ್ಯವಾಗಿ ಮಾಡಬಹುದು.