ನಾಲ್ಕರಲ್ಲಿ ಒಂದು

ಕಳೆದ ಮಳೆಗಾಲದ ಒಂದು ಸಂಜೆ ಇಡಗುಂದಿಯ ಮನೆಯೊಂದರ ಜಗಲಿಯಲ್ಲಿ ಕವಳದ ಬಟ್ಟಲಿನ ಮುಂದೆ ಕುಳಿತಿದ್ದೆ. ಪತ್ರಿಕೆ ಓದುತ್ತಿದ್ದ ಮನೆಯ ಹಿರಿಯರು ಕನ್ನಡಕ ತೆಗೆದಿರಿಸಿ, "ನೋಡಿದಿರಾ ಮಾಸ್ತರೆ, ಅತ್ಯಾಚಾರದ ಮೊಕದ್ದಮೆ ನಾಲ್ಕು ನಡೆದರೆ ಶಿಕ್ಷೆಯಾಗುವುದು ಒಂದರಲ್ಲಂತೆ. ಉಳಿದ ಮೂರು ಸುಳ್ಳೇ ಆದವಲ್ಲ!" ಎಂದರು. ಒಳಬಾಗಿಲಲ್ಲಿ ನಿಂತಿದ್ದ ಅವರ ಸೊಸೆ ಏನನ್ನೂ ಆಡದೆ ಒಳಗೆ ಹೋದರು. ಆ ಮೌನವೇ ಇಂದಿನ ಬರಹಕ್ಕೆ ಕಾರಣ.

ಅಂಕಿಗಳೇನೋ ನಿಜ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಂತೆ 1971ರಲ್ಲಿ ದೇಶದಲ್ಲಿ ದಾಖಲಾದ ಅತ್ಯಾಚಾರ ಪ್ರಕರಣಗಳು 2,487, 2022ರಲ್ಲಿ 31,516. ಶಿಕ್ಷೆಯ ಪ್ರಮಾಣವೋ, 1973ರಲ್ಲಿ ನೂರಕ್ಕೆ 44ರಷ್ಟಿದ್ದುದು 2022ರ ವೇಳೆಗೆ 27ಕ್ಕೆ ಇಳಿದಿತ್ತು.

ಆದರೆ ಈ ಪ್ರಮಾಣವನ್ನು ಎಣಿಸುವುದು ಆ ವರ್ಷ ವಿಚಾರಣೆ ಮುಗಿದ ಮೊಕದ್ದಮೆಗಳ ಮೇಲೆ ಮಾತ್ರ. ಮುಗಿಯದೆ ಉಳಿದವು ಅವುಗಳ ಹಲವು ಪಟ್ಟು. ಇನ್ನು ಬಿಡುಗಡೆಯೆಂದರೆ, ಆರೋಪ ಸಂಶಯಕ್ಕೆಡೆಯಿಲ್ಲದಂತೆ ರುಜುವಾತಾಗಲಿಲ್ಲವೆಂದಷ್ಟೇ ಅರ್ಥ. ನಿರಪರಾಧಿಗೆ ಶಿಕ್ಷೆಯಾಗಬಾರದೆಂಬ ಆ ಕಟ್ಟಳೆ ಇರತಕ್ಕದ್ದೇ. ಆದರೆ ದೂರು ಸುಳ್ಳೆಂದು ಅದು ಸಾರುವುದಿಲ್ಲ.

ದೂರುಗಳು ಹೆಚ್ಚಿದುದಕ್ಕೆ ಅಪರಾಧ ಹೆಚ್ಚಿದುದೊಂದೇ ಕಾರಣವಲ್ಲ. ಠಾಣೆಯಲ್ಲಿಯೇ ಪೊಲೀಸರಿಂದ ಹಿಂಸೆಗೊಳಗಾದಳೆಂಬ ಹುಡುಗಿಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1978ರಲ್ಲಿ ಆರೋಪಿಗಳನ್ನು ಬಿಟ್ಟಿತು. ಅವಳ ಮೈಮೇಲೆ ಪ್ರತಿಭಟನೆಯ ಗುರುತಿಲ್ಲವೆಂಬುದು ಒಂದು ಕಾರಣ. ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್ ಮೊದಲಾದ ನಾಲ್ವರು ಕಾನೂನು ಅಧ್ಯಾಪಕರು 1979ರಲ್ಲಿ ಅದನ್ನು ಖಂಡಿಸಿ ಬಹಿರಂಗ ಪತ್ರ ಬರೆದರು. 1983ರಲ್ಲಿ ಕಾನೂನು ತಿದ್ದಿತು. ನ್ಯಾಯಮೂರ್ತಿ ವರ್ಮಾ ಸಮಿತಿಯ ವರದಿಯ ಬಳಿಕ 2013ರಲ್ಲಿ ಅಪರಾಧದ ವ್ಯಾಖ್ಯೆ ವಿಸ್ತಾರಗೊಂಡಿತು. ಇಂಥ ದೂರು ಬರೆದುಕೊಳ್ಳದ ಪೊಲೀಸ್ ಅಧಿಕಾರಿಯೂ ಶಿಕ್ಷಾರ್ಹನಾದನು. ಮುಚ್ಚಿದ್ದ ಬಾಯಿಗಳು ತೆರೆದುವು.

ಶಿಕ್ಷೆ ಏಕೆ ಹೆಚ್ಚಲಿಲ್ಲ? ಕಾಲವಿಳಂಬವೇ ಮುಖ್ಯ ಕಾರಣಗಳಲ್ಲೊಂದು. ನಮ್ಮದೇ ತುಮಕೂರು ಜಿಲ್ಲೆಯ ನೊಣವಿನಕೆರೆ ಠಾಣೆಯ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ದೇಶಕ್ಕೆಲ್ಲ ನಿರ್ದೇಶನವಿತ್ತಿತು: ನೊಂದವಳನ್ನು 24 ಗಂಟೆಗಳೊಳಗೆ, ಸಾಧ್ಯವಾದರೆ ಮಹಿಳಾ ಮ್ಯಾಜಿಸ್ಟ್ರೇಟರ ಮುಂದೆಯೇ, ಕರೆದೊಯ್ದು ಹೇಳಿಕೆ ಬರೆಸತಕ್ಕದ್ದು. ಆರೋಪಪಟ್ಟಿ ಸಲ್ಲಿಸಿದ ಎರಡು ತಿಂಗಳಲ್ಲಿ ವಿಚಾರಣೆ ಮುಗಿಯಬೇಕೆಂಬ ವಿಧಿಯೂ ಉಂಟು. ಅದು ಪಾಲನೆಯಾಗುವುದು ಅಪರೂಪ.

ವಾಯಿದೆ ಬಿದ್ದಷ್ಟೂ ಸಾಕ್ಷಿಗಳು ಕರಗುತ್ತಾರೆ. ಇಡಗುಂದಿಯವಳೊಬ್ಬಳು ಕಾರವಾರದ ಜಿಲ್ಲಾ ನ್ಯಾಯಾಲಯಕ್ಕೆ ಹೋಗಬೇಕಾದರೆ ಅರಬೈಲು ಘಟ್ಟವಿಳಿದು ಅಂಕೋಲೆಯ ಮೇಲೆ ಸಾಗಬೇಕು. ಒಂದು ದಿನದ ಕೂಲಿ, ಬಸ್ಸಿನ ಖರ್ಚು, ಊರವರ ನೋಟ, ಮುಟ್ಟಿದ ಮೇಲೆ "ಮುಂದಿನ ತಾರೀಖು." ಅಷ್ಟರಲ್ಲಿ "ಮಾನದ ಪ್ರಶ್ನೆ, ರಾಜಿಯಾಗಿಬಿಡಿ" ಎನ್ನುವವರು ಮನೆಗೇ ಬರುತ್ತಾರೆ. ಕಂಡದ್ದನ್ನು ಠಾಣೆಯಲ್ಲಿ ಹೇಳಿದ ನೆರೆಯವನು ಕಟಕಟೆಯಲ್ಲಿ "ನನಗೆ ಗೊತ್ತಿಲ್ಲ" ಎನ್ನುತ್ತಾನೆ. ಮೊಕದ್ದಮೆ ಬಿದ್ದುಹೋಗುತ್ತದೆ. ಮರುದಿನ ಜಗಲಿಯ ಮೇಲೆ ಅದೇ ನೆರೆಯವನು, "ಸುಳ್ಳು ಕೇಸು, ನಿಲ್ಲಲಿಲ್ಲ" ಎನ್ನುತ್ತಾನೆ.

ಇದನ್ನೆಲ್ಲ ಹೇಳಿ ನಾನು ಹಿರಿಯರನ್ನು ಕೇಳಿದೆ: "ನೀವೇ ಕಂಡಿದ್ದರೆ ಕಾರವಾರಕ್ಕೆ ಹೋಗಿ ಹೇಳುತ್ತಿದ್ದಿರಾ?"

ಅವರು ಬಹಳ ಹೊತ್ತು ಅಡಿಕೆ ಕತ್ತರಿಸುತ್ತ ಕುಳಿತರು. "ಒಂದು ಸಲ ಹೋಗುತ್ತಿದ್ದೆ," ಎಂದರು ಕೊನೆಗೆ. "ಹತ್ತನೆಯ ಸಲ ಹೋಗುತ್ತಿದ್ದೆನೆಂದು ಹೇಳಲಾರೆ ಮಾಸ್ತರೆ."

ಪ್ರಾಮಾಣಿಕವಾದ ಉತ್ತರ. ಆದರೆ ನೊಂದವಳು ಹತ್ತನೆಯ ಸಲವೂ ಹೋಗಲೇಬೇಕು.